ಅರಿಷಿಣ ಹತ್ತಿದ ರೂಪಾಯಿ

ಹಳೇ ನಾಣ್ಯ ಕೂಡಿಡುವ ಹುಚ್ಚಿನವರು ಈಗೀಗ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಜೀವಮಾನವೆಲ್ಲ ಬಸ್ ಕಂಡಕ್ಟರಿಕೆ ಮಾಡಿದವನು, ಆ ಕಾಲದಲ್ಲಿ ಬೆಳ್ಳಿ ರೂಪಾಯಿ ಎಣಿಸಿದವನು, ಒಂದು ಡಬ್ಬಿಯನ್ನಾದರೂ ಅಟ್ಟದ ಮೇಲೆ ಇಟ್ಟಿರುತ್ತಾನೆ ಎಂಬುದು ಅವರ ನಂಬಿಕೆ. ಚಹಾ ಕುಡಿಸಿ ಕಳಿಸುತ್ತೇನೆ. ಡಬ್ಬಿ ಇಲ್ಲ ಎಂದರೆ ನಂಬುವುದಿಲ್ಲ, ಮುದುಕ ಬಚ್ಚಿಟ್ಟಿದ್ದಾನೆ ಎಂದು ಮುಖ ಮುಖ ನೋಡಿಕೊಂಡು ಹೋಗುತ್ತಾರೆ. ಚಿಲ್ಲರೆಯಲ್ಲಿ ಬೆಳ್ಳಿ ಸಿಗುತ್ತಿದ್ದದ್ದು ನಿಜ. ಅದು ಯಾರ ಕೈಯಿಂದ ಬರುತ್ತಿತ್ತು, ಯಾರ ಕೈಗೆ ಹೋಗುತ್ತಿತ್ತು ಎಂದು ಒಬ್ಬರೂ ಕೇಳಿಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರುವವರು ಅದನ್ನು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಯಾವಾಗ ಕಾಯಂ ಆದೆ, ಯಾವಾಗ ಬಡ್ತಿ ಸಿಕ್ಕಿತು ಎಂಬುದೆಲ್ಲ ನನ್ನ ಹೆಂಡತಿಗೂ ಬೇಡವಾದ ಸುದ್ದಿ.

ನಾನು ಮೊದಲು ಚೀಲ ಹೆಗಲಿಗೆ ಹಾಕಿದ್ದು ಸರ್ಕಾರಿ ಬಸ್ಸಿನಲ್ಲಲ್ಲ. ಹಳಿಯಾಳದಲ್ಲಿ ಒಬ್ಬ ಧಣಿಯ ಖಾಸಗಿ ಸರ್ವಿಸು ಇತ್ತು. ಹಳಿಯಾಳದಿಂದ ದಾಂಡೇಲಿಗೆ, ವಾರಕ್ಕೆ ಕೆಲವು ಸಲ ಮುಂದೆ ಜೋಯಿಡಾದವರೆಗೆ. ಕಾರ್ಖಾನೆಯ ಪಾಳಿಗೆ ಹೋಗುವವರು, ಬಿದಿರು ಕಡಿಯುವವರು, ನಾಟಾ ದಿಮ್ಮಿ ಹೊರುವ ಹಮಾಲರು, ಸಂತೆಯ ಹೆಂಗಸರು, ಎಲ್ಲರೂ ಒಂದೇ ಬಸ್ಸಿನಲ್ಲಿ. ಡ್ರೈವರ್ ದಸ್ತಗೀರಸಾಬರು ನನ್ನ ತಂದೆಯ ವಯಸ್ಸಿನವರು, ದಾಂಡೇಲಿಯವರು. ನಾನು ಚಾಚಾ ಎನ್ನುತ್ತಿದ್ದೆ. ದಾರಿಯಲ್ಲಿ ಆನೆ ಅಡ್ಡ ನಿಂತರೆ ಎಂಜಿನ್ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದರು. ಪ್ಯಾಸೆಂಜರು ಜಗಳ ತೆಗೆದರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. ಆನೆಗಿಂತ ಮನುಷ್ಯರೇ ಬಸ್ಸನ್ನು ಹೆಚ್ಚು ತಡ ಮಾಡುತ್ತಾರೆ ಎಂದು ಗೊಣಗುತ್ತಿದ್ದರು.

ಕಂಡಕ್ಟರನ ಬೆರಳಿಗೆ ಕಣ್ಣಿರಬೇಕು. ಜನ ಒತ್ತೊತ್ತಾಗಿ ನಿಂತಿರುತ್ತಾರೆ, ನಾಣ್ಯ ನೋಡಿ ತೆಗೆದುಕೊಳ್ಳಲು ಆಗುವುದಿಲ್ಲ. ಅಂಚಿನ ಗೀರು, ತೂಕ, ತಂಪು, ಇಷ್ಟರ ಮೇಲೆ ಇದು ಪಾವಲಿಯೋ ಎಂಟಾಣೆಯೋ ಎಂದು ತಿಳಿಯಬೇಕು. ಅನುಮಾನ ಬಂದರೆ ಬಸ್ಸಿನ ಕಬ್ಬಿಣದ ಕಂಬಕ್ಕೆ ಬಡಿದು ಕೇಳಬೇಕು. ನಾಣ್ಯಗಳು ಬರುತ್ತಿದ್ದ ಜಾಗಗಳೋ, ದೇವರೇ ಗತಿ. ಎಲೆಯಡಿಕೆ ಸಂಚಿಯಿಂದ ಸುಣ್ಣ ಮೆತ್ತಿಕೊಂಡು ಬರುತ್ತಿದ್ದವು. ಮುದುಕರು ದವಡೆಯಲ್ಲಿ ಇಟ್ಟುಕೊಂಡದ್ದನ್ನು ಉಗುಳಿ ಕೊಡುತ್ತಿದ್ದರು. ಹೆಂಗಸರು ಸೆರಗಿನ ಗಂಟು ಹಲ್ಲಿನಿಂದ ಬಿಚ್ಚಿ ಕೊಡುತ್ತಿದ್ದರು. ನಾನು ಸೇರಿದ ಹೊಸದರಲ್ಲಿ ಒಂದು ಮದುವೆಯ ದಿಬ್ಬಣದವರು ಸೀಸದ ಖೋಟಾ ರೂಪಾಯಿಗಳನ್ನು ನನ್ನ ಕೈಗೆ ತುರುಕಿ, ಮೇಲೆ ಒಂದು ಲಾಡು ಇಟ್ಟು ಇಳಿದು ಹೋದರು. ಲಾಡು ತಿಂದೆ. ರೂಪಾಯಿಗಳು ನನ್ನ ಪಗಾರದಿಂದ ಹೋದವು.

ಅಷ್ಟರಲ್ಲಿ ಹೊಸ ಪೈಸೆ ಬಂತು. ಅದರ ತಾಪತ್ರಯ ಈಗಿನವರಿಗೆ ಹೇಳಿದರೆ ನಗುತ್ತಾರೆ. ಒಂದಾಣೆಗೆ ಆರು ಪೈಸೆ, ಎರಡಾಣೆಗೆ ಹನ್ನೆರಡು, ಆದರೆ ಮೂರಾಣೆಗೆ ಹತ್ತೊಂಬತ್ತು. ಆ ಒಂದು ಪೈಸೆ ಎಲ್ಲಿಂದ ಹುಟ್ಟಿತು ಎಂದು ಸಂತೆಯ ಮುದುಕಿಯರು ನನ್ನ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. ಸರ್ಕಾರ ಹುಟ್ಟಿಸಿದ್ದು ಎಂದರೆ, ಸರ್ಕಾರಕ್ಕೆ ನೀನೇ ಕೊಡು ಎನ್ನುತ್ತಿದ್ದರು. ಹಳೆಯದು ಹೊಸದು ಕೂಡಿ ಚೀಲದಲ್ಲಿ ಕಲಬೆರಕೆಯಾಗಿ, ಸಂಜೆ ಲೆಕ್ಕ ಕೂಡುವಾಗ ತಲೆ ಗಿರ್ರೆನ್ನುತ್ತಿತ್ತು. ಗೋವೆ ನಮ್ಮ ದೇಶಕ್ಕೆ ಸೇರಿದ ಮೇಲೆ ಅನಮೋಡದ ಕಡೆಯಿಂದ ಬಂದವರು ಪರಂಗಿ ನಾಣ್ಯಗಳನ್ನೂ ಕೊಡತೊಡಗಿದರು. ಕೊಂಕಣಿಯಲ್ಲಿ ಅವರು ಹೇಳಿದ್ದು ನನಗೆ ತಿಳಿಯದು, ನಾನು ಹೇಳಿದ್ದು ಅವರಿಗೆ ತಿಳಿಯದು. ಇಬ್ಬರೂ ದಸ್ತಗೀರಸಾಬರ ಬೆನ್ನು ನೋಡುತ್ತ ನಿಲ್ಲುತ್ತಿದ್ದೆವು.

ಈ ಕಲಬೆರಕೆಯಲ್ಲೇ ರಾಣಿ ಛಾಪಿನ ರೂಪಾಯಿ ಬರುತ್ತಿತ್ತು. ಒಂದು ಕಡೆ ಕಿರೀಟ ತೊಟ್ಟ ರಾಣಿಯ ಮುಖ. ಅಚ್ಚ ಬೆಳ್ಳಿ. ಸರ್ಕಾರದ ಲೆಕ್ಕದಲ್ಲಿ ಅದರ ಚಲಾವಣೆ ನಿಂತು ಎಷ್ಟೋ ವರ್ಷಗಳಾಗಿದ್ದವು. ಹಳ್ಳಿಯವರಿಗೆ ಅದು ಗೊತ್ತಿರಲಿಲ್ಲ. ಅವರು ಅದನ್ನು ಒಂದು ರೂಪಾಯಿ ಎಂದೇ ಕೊಡುತ್ತಿದ್ದರು, ಕೊಡುವ ಮುಂಚೆ ಒಮ್ಮೆ ನೋಡುತ್ತಿದ್ದರು. ಸರಾಫನ ಅಂಗಡಿಯಲ್ಲಿ ಅದರ ಬೆಳ್ಳಿಗೇ ಎರಡು ರೂಪಾಯಿಗಿಂತ ಹೆಚ್ಚು ಸಿಗುತ್ತಿತ್ತು. ಕೆಲವು ಕಂಡಕ್ಟರುಗಳು ಇದು ಈಗ ನಡೆಯುವುದಿಲ್ಲ, ಬೇಕಾದರೆ ಎಂಟಾಣೆಗೆ ಹಿಡಿಯುತ್ತೇನೆ ಎಂದು ಹೆದರಿಸಿ ತೆಗೆದುಕೊಳ್ಳುತ್ತಿದ್ದರು. ಎಂಟಾಣೆಗೆ ಕೊಟ್ಟು ಉಪಕಾರವಾಯಿತೆಂದು ಕೈಮುಗಿದು ಇಳಿದವರನ್ನು ನಾನೇ ಕಂಡಿದ್ದೇನೆ. ದುಡಿದು ತಿನ್ನುವವರು ದುಡಿದು ತಿನ್ನುವವರಿಗೆ ಹೀಗೆ ಮಾಡಬಹುದೇ ಎಂದು ಅಸಹ್ಯವಾಗುತ್ತಿತ್ತು.

ಅವರೆಲ್ಲರ ಅಪ್ಪನೆಂದರೆ ನಮ್ಮ ಮ್ಯಾನೇಜರು ಬಾಬುರಾವ್. ಹಣೆಗೆ ಅಚ್ಚುಕಟ್ಟಾದ ವಿಭೂತಿ, ಮಾತಿಗೊಮ್ಮೆ ಶಿವಾ ಶಿವಾ. ಸಂಜೆ ನಾವು ಕಲೆಕ್ಷನ್ ಒಪ್ಪಿಸುವಾಗ ಚಿಲ್ಲರೆಯನ್ನು ಮೇಜಿನ ಮೇಲೆ ಸುರಿಸಿ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಬೆಳ್ಳಿಯನ್ನು ಆರಿಸುತ್ತಿದ್ದರು. ಬದಲಿಗೆ ಕಿಸೆಯಿಂದ ಒಂದೊಂದು ರೂಪಾಯಿಯ ನೋಟು ಇಡುತ್ತಿದ್ದರು. ಧಣಿಯ ಲೆಕ್ಕ ಸರಿ, ಯಾರೂ ಕಳ್ಳ ಎನ್ನುವಂತಿಲ್ಲ. ವಾರಕ್ಕೊಮ್ಮೆ ಸರಾಫನ ಆಳು ಬಂದು ಒಯ್ಯುತ್ತಿದ್ದ. ಈ ವ್ಯಾಪಾರಕ್ಕೆ ನಾವು ಕೈ ಹಾಕಬಾರದೆಂದು ಅವರು ಒಂದು ನಿಯಮವನ್ನು ಬಲು ಕಟ್ಟುನಿಟ್ಟಾಗಿ ನಡೆಸುತ್ತಿದ್ದರು. ಕಂಡಕ್ಟರನು ಬೆಳಿಗ್ಗೆ ಡ್ಯೂಟಿಗೆ ಹತ್ತುವ ಮುಂಚೆ ತನ್ನ ಸ್ವಂತದ ಹಣ ಎಷ್ಟಿದೆ ಎಂದು ಬರೆಸಬೇಕು. ಸಂಜೆ ಕಿಸೆಯಲ್ಲಿ ಅದಕ್ಕಿಂತ ಒಂದು ಕಾಸು ಹೆಚ್ಚು ಸಿಕ್ಕಿದರೂ ಅದು ಕದ್ದದ್ದು, ಆ ದಿನವೇ ಮನೆಗೆ. ಈ ನಿಯಮ ಎಲ್ಲ ಸರ್ವಿಸುಗಳಲ್ಲೂ ಇತ್ತು, ಇಂದಿಗೂ ಇದೆ, ಇರಬೇಕಾದದ್ದೇ. ಆದರೆ ಒಳ್ಳೆಯ ನಿಯಮ ಎಂಥವರ ಕೈಯಲ್ಲಿದೆ ಎನ್ನುವುದೂ ಮುಖ್ಯ.

ಇನ್ನು ನೀಲವ್ವನ ಮಾತು.

ಹಳಿಯಾಳ ದಾಟಿ ದಾಂಡೇಲಿ ದಾರಿಯಲ್ಲಿ ಸಿಗುವ ಒಂದು ಹಳ್ಳಿಯವಳು. ಗಂಡ ಮಹಾದೇವಪ್ಪ ದಾಂಡೇಲಿಯಲ್ಲಿ ನಾಟಾ ಹೇರುವ ಕೆಲಸಕ್ಕೆ ನಮ್ಮ ಬಸ್ಸಿನಲ್ಲೇ ಹೋಗಿ ಬರುತ್ತಿದ್ದ, ನಕ್ಕರೆ ಇಡೀ ಬಸ್ಸಿಗೆ ಕೇಳಿಸುತ್ತಿತ್ತು. ಒಂದು ದಿನ ಸಾಗವಾನಿ ದಿಮ್ಮಿ ಲಾರಿಯಿಂದ ಜಾರಿ ಅವನ ಕಾಲಿನ ಮೇಲೆ ಉರುಳಿತು. ದಾಂಡೇಲಿಯ ಆಸ್ಪತ್ರೆಗೆ ಹಾಕಿದರು. ಅಂದಿನಿಂದ ನೀಲವ್ವ ದಿನಾ ರೊಟ್ಟಿಯ ಗಂಟು ಹಿಡಿದು ಬೆಳಗಿನ ಬಸ್ಸು ಹತ್ತುತ್ತಿದ್ದಳು, ಸಂಜೆ ಅದೇ ಬಸ್ಸಿಗೆ ಮರಳುತ್ತಿದ್ದಳು. ಮೊದಮೊದಲು ನೋಟು ಕೊಟ್ಟು ಟಿಕೀಟು ತೆಗೆಸುತ್ತಿದ್ದವಳು ಆಮೇಲೆ ಆಣೆಗಳನ್ನು ಕೂಡಿಸಿ ಕೊಡತೊಡಗಿದಳು. ಕಿವಿಯ ಬೆಂಡೋಲೆ ಹೋದದ್ದು ನನಗೂ ಕಂಡಿತು, ಚಾಚಾಗೂ ಕನ್ನಡಿಯಲ್ಲಿ ಕಂಡಿತು.

ಒಂದು ಬೆಳಿಗ್ಗೆ ಆಕೆ ಸೆರಗಿನಿಂದ ಅರಿಷಿಣದ ಬಟ್ಟೆಯ ಸಣ್ಣ ಗಂಟು ತೆಗೆದು, ಬಿಚ್ಚಿ, ಒಂದು ರೂಪಾಯಿಯನ್ನು ನನ್ನ ಅಂಗೈಯಲ್ಲಿಟ್ಟಳು. ರಾಣಿ ಛಾಪು. ಅಕ್ಷರಗಳ ಸಂದಿಯಲ್ಲೆಲ್ಲ ಅರಿಷಿಣ ಕೂತಿತ್ತು. ಅದು ಅವಳ ಅತ್ತೆ ದೇವರ ಜಗಲಿಯ ಮೇಲಿಟ್ಟು ಪೂಜಿಸುತ್ತಿದ್ದ ರೂಪಾಯಿ. ಅತ್ತೆ ತೀರಿಕೊಂಡ ಮೇಲೆ ನೀಲವ್ವ ಪೂಜಿಸುತ್ತಿದ್ದಳು. ಗಂಡನ ಮೇಲೆ ದಿಮ್ಮಿ ಬಿದ್ದ ದಿನ, ಅವನು ಎದ್ದರೆ ಇಬ್ಬರೂ ಉಳವಿಯ ಗುಡಿಗೆ ನಡೆದು ಬಂದು ಒಪ್ಪಿಸುತ್ತೇವೆ ಎಂದು ಅದನ್ನೇ ಮುಡಿಪು ಕಟ್ಟಿದ್ದಳು.

“ಅಣ್ಣಾರ, ಇದನ್ನ ರೊಕ್ಕಂತ ತಿಳೀಬ್ಯಾಡ್ರಿ,” ಎಂದಳು. “ಉಳವಿ ಅಪ್ಪಗ ಕಟ್ಟಿದ ಮುಡಿಪು. ಇವತ್ತೊಂದಿನ ಒತ್ತಿ ಇಟ್ಕೋರಿ, ನಾಳೆ ತುಪ್ಪಾ ಮಾರಿ ಬಿಡಿಸ್ಕೋತೇನಿ.”

ಬೇಡವ್ವ, ನಿನ್ನ ಟಿಕೀಟು ನಾನು ಕೊಡುತ್ತೇನೆ ಎಂದೆ. ಹರಕೆ ಹೊತ್ತವಳು ಬಿಟ್ಟಿ ಹತ್ತಬಾರದು ಎಂದು ಆಕೆ ಒಪ್ಪಲಿಲ್ಲ. ಮುಡಿಪನ್ನು ಖರ್ಚು ಮಾಡಬಾರದು, ಆದರೆ ನಂಬಿಗಸ್ತನ ಹತ್ತಿರ ಒತ್ತಿ ಇಟ್ಟು ಬಿಡಿಸಿಕೊಂಡರೆ ಮುಡಿಪು ಮುರಿಯುವುದಿಲ್ಲ ಎಂಬುದು ಅವರ ಕಡೆಯ ನಡವಳಿಕೆ. ನನ್ನನ್ನು ನಂಬಿಗಸ್ತ ಎಂದು ಆರಿಸಿಕೊಂಡಿದ್ದಳು. ನನ್ನ ಹಣದಿಂದ ಟಿಕೀಟು ಹರಿದು, ಮುಡಿಪನ್ನು ಅದರ ಬಟ್ಟೆಯಲ್ಲೇ ಕಟ್ಟಿ ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡೆ.

ದಾಂಡೇಲಿ ಮುಟ್ಟುವ ಹೊತ್ತಿಗೆ ನನಗೆ ಪೇಚಾಟಕ್ಕಿಟ್ಟುಕೊಂಡಿತು. ಚೀಲಕ್ಕೆ ಹಾಕಿದರೆ ಬಾಬುರಾವ್ ಆರಿಸಿಕೊಳ್ಳುತ್ತಾರೆ. ಕಿಸೆಯಲ್ಲಿ ಸಿಕ್ಕರೆ ಕಳ್ಳನಾಗುತ್ತೇನೆ. ತನ್ನ ಬೀಡಿಯ ಡಬ್ಬಿಯಲ್ಲಿ ಇಡು ಎಂದು ಚಾಚಾ ಹೇಳಿದರು. ಅವರನ್ನು ಸಿಕ್ಕಿಸುವುದು ಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ ಎಂದೆ. ವಿಭೂತಿ ಹಚ್ಚಿದ ಮನುಷ್ಯ, ಉಳವಿಯ ಮುಡಿಪಿಗೆ ಎರಡು ಬಗೆಯುತ್ತಾರೆಯೇ ಎಂದುಕೊಂಡೆ. ಚಾಚಾ ಬೀಡಿಯ ಡಬ್ಬಿಯನ್ನು ಕಿಸೆಗೆ ಹಾಕಿಕೊಂಡರು.

ಸಂಜೆ ಬಾಬುರಾವ್ ಅವರ ಮುಂದೆ ಗಂಟು ಇಟ್ಟು ಎಲ್ಲ ಹೇಳಿದೆ. ಅವರು ಬಟ್ಟೆ ಬಿಚ್ಚಿ ನೋಡಿದರು. ರೂಪಾಯಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

“ದೇವರ ರೊಕ್ಕಾ ಮುಟ್ಟೂ ಮನಿಷ್ಯಾ ಅಲ್ಲಪಾ ನಾ,” ಎಂದರು. “ಇಲ್ಲೇ ಇರ್ಲಿ. ಮುಂಜಾನೆ ಒಯ್ಯಿ.”

ಮೇಜಿನ ಖಾನೆಯಲ್ಲಿಟ್ಟು ಕೀಲಿ ಹಾಕಿದರು. ನಾನು ನಿಶ್ಚಿಂತೆಯಿಂದ ಮನೆಗೆ ಹೋದೆ.

ಬೆಳಿಗ್ಗೆ ಖಾನೆಯಲ್ಲಿ ಅರಿಷಿಣದ ಬಟ್ಟೆ ಮಾತ್ರ ಇತ್ತು. ನಾನು ಹೋದ ಬೆನ್ನಿಗೇ ಸರಾಫನ ಆಳು ಬಂದಿದ್ದನಂತೆ, ಎಲ್ಲದರ ಜೊತೆ ಅದೂ ಹೋಯಿತಂತೆ. ಅದು ಒತ್ತಿ ಇಟ್ಟದ್ದು, ಆ ಹೆಣ್ಣುಮಗಳಿಗೆ ಏನು ಹೇಳಲಿ ಎಂದು ಕೇಳಿದೆ. ಬಾಬುರಾವ್ ಒಂದು ರೂಪಾಯಿಯ ನೋಟು ತೆಗೆದು ನನ್ನ ಕಡೆ ಸರಿಸಿದರು.

“ರೂಪಾಯಿಗೆ ರೂಪಾಯಿ ಕೊಟ್ರ ಆತಲ್ಲ. ದೇವರೇನು ಛಾಪಾ ನೋಡಿ ತಗೋತಾನ?”

ನಾನು ನೋಟು ಮುಟ್ಟಲಿಲ್ಲ, ಅರಿಷಿಣದ ಬಟ್ಟೆಯನ್ನು ಮಾತ್ರ ಎತ್ತಿಕೊಂಡೆ. ಬಾಯಿಗೆ ಬಂದದ್ದು ಅಂದೆ. ಮೇಲಧಿಕಾರಿಯ ಮುಂದೆ ಹೇಗೆ ಮಾತಾಡಬೇಕೆಂದು ಈ ಬರಹದಲ್ಲಿ ಕಲಿಯಬೇಡಿ, ನಾನಂದು ಕಲಿತದ್ದನ್ನೆಲ್ಲ ಮರೆತೆ. ಅವರು ಶಿವಾ ಶಿವಾ ಎನ್ನುತ್ತ ಗಡಿಯಾರ ನೋಡಿ, ಬಸ್ಸಿಗೆ ತಡವಾಯಿತು ಎಂದರು. ಆ ಮನುಷ್ಯನಿಗೆ ಮುಂದೆಯೂ ಏನೂ ಆಗಲಿಲ್ಲ. ಹಳಿಯಾಳದಲ್ಲಿ ಮನೆ ಕಟ್ಟಿಸಿ, ಮೊಮ್ಮಕ್ಕಳನ್ನು ಆಡಿಸಿ, ಹಾಸಿಗೆಯ ಮೇಲೆ ಸುಖವಾಗಿ ಸತ್ತರು. ನನ್ನ ಸಿಟ್ಟು ಮಾತ್ರ ಇನ್ನೂ ಸತ್ತಿಲ್ಲ.

ನೀಲವ್ವ ಆ ಬೆಳಿಗ್ಗೆ ನೋಟು ಹಿಡಿದುಕೊಂಡೇ ಬಸ್ಸು ಹತ್ತಿದಳು. ಮುಡಿಪು ಆಫೀಸಿನಲ್ಲಿ ಉಳಿದಿದೆ, ನಾಳೆ ತರುತ್ತೇನೆ ಎಂದೆ. ಆಕೆಯ ಮುಖ ಬಿಳಿಚಿಕೊಂಡಿತು. ಯಾಕೆಂದು ಆಗ ನನಗೆ ತಿಳಿದಿರಲಿಲ್ಲ, ಸಂಜೆ ಮರಳುವಾಗ ಹೇಳಿದಳು. ಗಂಡನ ಕಾಲು ಮೊಣಕಾಲಿನವರೆಗೆ ಕಪ್ಪಾಗಿತ್ತು. ಹಿಂದಿನ ದಿನವೇ ಡಾಕ್ಟರು ಆಕೆಯನ್ನು ಕರೆದು, ಕಾಲು ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ, ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕೊಡು ಎಂದಿದ್ದರು. ಆಕೆ ಒಂದು ದಿನ ಕೇಳಿದ್ದಳು. ಇಬ್ಬರೂ ನಡೆದು ಬರುತ್ತೇವೆ ಎಂದು ದೇವರಿಗೆ ಮಾತು ಕೊಟ್ಟಾಗಿತ್ತು. ಕಾಲು ತೆಗೆದರೆ ಆ ಮಾತು ಸುಳ್ಳಾಗುತ್ತದೆ. ಸುಳ್ಳಾಗುವ ಮುಂಚೆ ಮುಡಿಪನ್ನು ಕೈಯಲ್ಲಿ ಹಿಡಿದು, ಅವನನ್ನು ಉಳಿಸು, ನಾನೇ ಹೊತ್ತುಕೊಂಡು ಬರುತ್ತೇನೆ ಎಂದು ದೇವರ ಹತ್ತಿರ ಮಾತು ಬದಲಿಸಿಕೊಳ್ಳಬೇಕು. ಆಮೇಲೆ ಹೆಬ್ಬೆಟ್ಟು. ಒತ್ತಿ ಬಿಡಿಸದೆ ಮುಡಿಪು ಮುಟ್ಟುವಂತಿಲ್ಲವೆಂದು ಹಿಂದಿನ ಸಂಜೆ ನನ್ನನ್ನು ಕೇಳಿರಲಿಲ್ಲ. ಡಾಕ್ಟರು ಆ ದಿನವೂ ಬೈದರಂತೆ, ಕೈಮುಗಿದೂ ಹೇಳಿದರಂತೆ. ಈಕೆ ನಾಳೆ ಎಂದು ಬಂದಿದ್ದಳು. ನಾನು ಹೇಳಿದ ನಾಳೆ ಅದು.

ಓದಿದವರು ಇದನ್ನು ಮೂಢನಂಬಿಕೆ ಎನ್ನಬಹುದು. ನನ್ನ ಅಳಿಯನೂ ಹಾಗೇ ಎಂದ. ಇರಬಹುದು. ಕೊಟ್ಟ ಮಾತಿನ ಬಗ್ಗೆ ಆಕೆಗಿದ್ದ ಭಯದಲ್ಲಿ ಕಾಲುಭಾಗ ಬಾಬುರಾವ್ ಅವರಿಗೆ ಇದ್ದಿದ್ದರೆ ಸಾಕಿತ್ತು.

ಆ ಸಂಜೆ ಕಲೆಕ್ಷನ್ ಒಪ್ಪಿಸಿ ನೇರ ಸರಾಫನ ಅಂಗಡಿಗೆ ಹೋದೆ, ಚಾಚಾ ಜೊತೆಗೆ ಬಂದರು. ಸರಾಫ ಕೆಟ್ಟವನಲ್ಲ. ನನ್ನ ಮಾತು ಕೇಳಿ ಪಾಪ ಎಂದ. ಬೆಳಿಗ್ಗೆಯೇ ಬಹುಪಾಲು ಕರಗಿಸಿಬಿಟ್ಟೆ ಎಂದು ಮೂಸೆ ತೋರಿಸಿದ. ಕರಗಿಸಲು ಬಾಕಿಯಿದ್ದ ರೂಪಾಯಿಗಳನ್ನು ಬಟ್ಟೆಯ ಮೇಲೆ ಸುರಿದು ನೀನೇ ನೋಡಿಕೋ ಎಂದ. ನಾನು ಒಂದೊಂದನ್ನೇ ತಿರುವಿ ನೋಡಿದೆ. ನೀಲವ್ವನದು ನಾನು ಕಂಡದ್ದು ಎಷ್ಟು ಹೊತ್ತು? ರಾಣಿಯರೆಲ್ಲ ಒಂದೇ ತರ. ಕಡೆಗೆ ಒಂದರ ಅಕ್ಷರಗಳ ಸಂದಿಯಲ್ಲಿ ಹಳದಿ ಕಂಡಿತು. ಇದೇ ಎಂದು ಮನಸ್ಸಿಗೆ ಹೇಳಿಕೊಂಡೆ, ಅಲ್ಲದಿದ್ದರೂ ಇದೇ ಆಗಲಿ ಎಂದುಕೊಂಡೆ. ಸರಾಫ ತನ್ನ ದರವನ್ನೇ ತೆಗೆದುಕೊಂಡ. ಹೊರಗೆ ಬಂದು ಚಾಚಾನ ಮುಖ ನೋಡಿದೆ. ಇದು ಅದಲ್ಲವೆಂದು ಅವರಿಗೂ ಅನುಮಾನವಿತ್ತು.

“ಸುಳ್ಳು ನನ್ನ ಕುತಗೀಗೆ ಇರ್ಲಿ,” ಎಂದರು. “ನೀ ಒಯ್ದು ಕೊಡು. ಅಂವಾ ಉಳದ್ರ ಸಾಕು.”

ಮಹಾದೇವಪ್ಪ ಉಳಿಯಲಿಲ್ಲ. ಓದುವವರು ಆಸೆ ಇಟ್ಟುಕೊಳ್ಳುವುದು ಬೇಡವೆಂದು ಈಗಲೇ ಹೇಳುತ್ತಿದ್ದೇನೆ. ಕಾಲು ತೆಗೆದರು, ಅಷ್ಟರಲ್ಲಿ ನಂಜು ಮೇಲಕ್ಕೇರಿತ್ತು. ಮುಂಚೆ ತೆಗೆದಿದ್ದರೆ ಬದುಕುತ್ತಿದ್ದನೇ ಎಂದು ನಾನು ಎಷ್ಟೋ ದಿನದ ಮೇಲೆ ಡಾಕ್ಟರರನ್ನು ಕೇಳಿದೆ. ಬದುಕಬಹುದಿತ್ತು ಎಂದರು. ಹೆಣವನ್ನು ಲಾರಿಯಲ್ಲಿ ಊರಿಗೆ ಒಯ್ದರು. ನೀಲವ್ವ ಆಮೇಲೆ ನಮ್ಮ ಬಸ್ಸು ಹತ್ತಲಿಲ್ಲ. ಹಳಿಯಾಳದ ಸಂತೆಗೆ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದು ಹೋಗುವುದನ್ನು ನೋಡುತ್ತಿದ್ದೆವು. ಚಾಚಾ ಆ ಜಾಗದಲ್ಲಿ ಬಸ್ಸು ನಿಧಾನ ಮಾಡುತ್ತಿದ್ದರು, ಆಕೆ ಕೈ ಅಲ್ಲಾಡಿಸಿ ಹೋಗಿರಿ ಎನ್ನುತ್ತಿದ್ದಳು.

ನಾನು ಬರೆಯಬೇಕೆಂದಿದ್ದದ್ದು ಅದರ ಹಿಂದಿನದು, ಸರಾಫನ ಅಂಗಡಿಗೆ ಹೋದ ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಡೆದದ್ದು.

ನೀಲವ್ವ ಹಿಂದಿನ ರಾತ್ರಿ ಮನೆಯಲ್ಲಿ ನಿಲ್ಲಲಾಗದೆ, ಯಾವುದೋ ಲಾರಿ ಹಿಡಿದು ಆಸ್ಪತ್ರೆಗೆ ವಾಪಸ್ಸು ಬಂದಿದ್ದಳು. ಬಸ್ಸು ದಾಂಡೇಲಿ ಮುಟ್ಟಿದ ಕೂಡಲೇ ನಾನು ಓಡಿದೆ. ಮೆಟ್ಟಿಲ ಮೇಲೆ ಕೂತಿದ್ದವಳು ನನ್ನನ್ನು ಕಂಡು ಎದ್ದಳು. ಅರಿಷಿಣದ ಬಟ್ಟೆಯನ್ನು ಕೊಟ್ಟೆ. ಬಟ್ಟೆ ಅವಳದೇ, ಗಂಟು ನನ್ನದು. ಆಕೆ ಕಣ್ಣು ಮುಚ್ಚಿಕೊಂಡು ಗಂಟು ಬಿಚ್ಚಿದಳು, ತುಟಿ ಆಗಲೇ ಅಲುಗುತ್ತಿದ್ದವು. ರೂಪಾಯಿಯ ಮೇಲೆ ಹೆಬ್ಬೆರಳು ಆಡಿಸಿದಳು. ತುಟಿ ನಿಂತವು. ಕಣ್ಣು ತೆರೆದು ನೋಡಿದಳು.

“ಇದು ನಂದಲ್ರಿ ಅಣ್ಣಾರ. ನಮ್ಮತ್ತಿ ತಿಕ್ಕಿ ತಿಕ್ಕಿ ನಂದರಾಗ ರಾಣಿ ಮೂಗು ಸವದಿತ್ತು.”

ಅದೇ ಇದು, ನೀನು ಗಾಬರಿಯಲ್ಲಿದ್ದೀ, ಸರಿಯಾಗಿ ನೋಡು ಎಂದೆ. ಚಾಚಾ ಹೊತ್ತುಕೊಂಡಿದ್ದ ಸುಳ್ಳು ಅಲ್ಲಿಗೇ ಮುಗಿಯಿತು. ನಿನ್ನದು ಕರಗಿಹೋಯಿತವ್ವ, ಇದನ್ನೇ ನಿನ್ನದೆಂದು ತಿಳಿದು ದೇವರಿಗೆ ಹೇಳಿಬಿಡು, ಹೊತ್ತಿಲ್ಲ ಎಂದು ಕೈಮುಗಿದೆ. ಬಾಗಿಲಲ್ಲಿ ನರ್ಸಮ್ಮ ನಿಂತು ಆಕೆಯ ಹೆಸರು ಕೂಗುತ್ತಿದ್ದಳು.

ಆಕೆ ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ರೂಪಾಯಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಅಕ್ಷರಗಳ ಸಂದಿಯ ಹಳದಿಯನ್ನು ಉಗುರಿನಿಂದ ಮೆಲ್ಲಗೆ ಮುಟ್ಟಿದಳು.

“ಇದಕ್ಕೂ ಅರಿಷಿಣ ಹತ್ತೇತಿ,” ಎಂದಳು. “ಯಾವಾಕಿನೋ ಏನೋ ಬೇಡ್ಕೊಂಡು ಕಟ್ಟ್ಯಾಳ. ಅಕಿ ಮಾತಿನ ಮ್ಯಾಲೆ ನನ್ನ ಮಾತು ಹೆಂಗ ಇಡ್ಲಿ? ಅಕೀಗೆ ಮುಟ್ಟಸ್ರಿ.”

ರೂಪಾಯಿಯನ್ನು ನನ್ನ ಕೈಯಲ್ಲಿಟ್ಟು ಬೆರಳು ಮಡಚಿದಳು. ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ತೆರೆದ ಬಾಗಿಲಿನಿಂದ ನನಗೆ ಕಾಣುತ್ತಿತ್ತು. ನರ್ಸಮ್ಮ ಆಕೆಯ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿದಳು. ಆಕೆಯ ಇನ್ನೊಂದು ಕೈ ಎದೆಯ ಹತ್ತಿರ ಮುಷ್ಟಿ ಕಟ್ಟಿಕೊಂಡಿತ್ತು, ಅದರೊಳಗೆ ಏನೂ ಇರಲಿಲ್ಲ.